ಕ್ಯಾಂಪಸ್ ಪಕ್ಕದ ಕಲ್ಲು: ಒಂದು ಪರಂಪರೆ ಉಪನ್ಯಾಸದ ಪ್ರಕರಣ ಅಧ್ಯಯನ

ಏಪ್ರಿಲ್ 18 ವಿಶ್ವ ಪರಂಪರೆ ದಿನ. ಆ ವಾರ ಕಾಲೇಜುಗಳಲ್ಲಿ ಪರಂಪರೆ ಬಗ್ಗೆ ಮಾತಾಡುವವರಿಗೆ ಭಾರಿ ಬೇಡಿಕೆ. ಬೆಂಗಳೂರಿನ ಆಗ್ನೇಯ ಭಾಗದ ಒಂದು ವಿಶ್ವವಿದ್ಯಾಲಯ ನನ್ನನ್ನು ಕರೆದದ್ದೂ ಹಾಗೆಯೇ. ನಾನು ಪ್ರಾಧ್ಯಾಪಕನಲ್ಲ, ಹಳೆಯ ಶಾಸನಗಳನ್ನು ಹುಡುಕಿಕೊಂಡು ಹೋಗಿ ಓದುವ ಹವ್ಯಾಸಿ. ಇತಿಹಾಸ ವಿಭಾಗ ಮತ್ತು ಎನ್ಎಸ್ಎಸ್ ಘಟಕ ಸೇರಿ ಮಾಡುವ ಕಾರ್ಯಕ್ರಮ, ಸಾರ್ವಜನಿಕರಿಗೂ ಪ್ರವೇಶ ಉಂಟು, 45 ನಿಮಿಷ ಮಾತು ಎಂದರು. ವಿಷಯ ಏನು ಎಂದು ಕೇಳಿದೆ. 'ಕರ್ನಾಟಕದ ಭವ್ಯ ಪರಂಪರೆ' ಎಂದರು.

ಇಂಥ ಶೀರ್ಷಿಕೆ ಕೊಟ್ಟರೆ ಏನಾಗುತ್ತದೆ ಎಂದು ಗೊತ್ತೇ ಇದೆ. ಹಂಪಿಯ ಕಲ್ಲಿನ ರಥ, ಪಟ್ಟದಕಲ್ಲು, ಬೇಲೂರಿನ ಮದನಿಕೆ, ಕೊನೆಗೆ ಮೈಸೂರು ಅರಮನೆಯ ದೀಪಾಲಂಕಾರ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು-ಹಳೇಬೀಡು-ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು ಎಂಬ ಮಾಹಿತಿ. ಚಪ್ಪಾಳೆ. ಎಲ್ಲರೂ ಊಟಕ್ಕೆ. ಆ ಜಾಗಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವುಗಳನ್ನು ನೋಡಲು ರಜೆ ಬೇಕು, ಬಸ್ಸು ಬೇಕು. ಕೇಳಿದವನು ಮಾರನೆಯ ದಿನ ಬೆಳಗ್ಗೆ ಅದೇ ರಸ್ತೆಯಲ್ಲಿ, ಅದೇ ಕೆರೆ ಪಕ್ಕ ಕ್ಲಾಸಿಗೆ ಬರುತ್ತಾನೆ. ಅವನ ಕಣ್ಣಿಗೆ ಅಲ್ಲಿ ಹೊಸದೇನೂ ಬೀಳುವುದಿಲ್ಲ.

ಹಾಗಾಗಿ ವಿಷಯ ಬದಲಿಸಲು ಕೇಳಿಕೊಂಡೆ. ಕ್ಯಾಂಪಸ್ಸಿನಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರದ ಎರಡು ಶಾಸನ, ಅಷ್ಟೇ. ವಿಭಾಗದವರಿಗೆ ಸ್ವಲ್ಪ ಅನುಮಾನ. 'ಎರಡೇ ಕಲ್ಲಿಗೆ 45 ನಿಮಿಷ ಜಾಸ್ತಿ ಆಗಲ್ವಾ?' ಆಗುವುದಿಲ್ಲ ಎಂದೆ. ಒಪ್ಪಿದರು. ಬ್ಯಾನರಿನಲ್ಲಿ ಮಾತ್ರ ಕೊನೆಗೂ 'ಭವ್ಯ ಪರಂಪರೆ' ಎಂದೇ ಮುದ್ರಣವಾಗಿ ಬಂತು, ಹಿನ್ನೆಲೆಯಲ್ಲಿ ಕಲ್ಲಿನ ರಥ.

ಯಾವ ಕಲ್ಲು, ಯಾಕೆ

ಮೊದಲ ಕಲ್ಲು ಯಾವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಬೇಗೂರಿನ ಪಂಚಲಿಂಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಶಾಸನ. ಕಾಲ ಸುಮಾರು ಕ್ರಿ.ಶ. 890, ಗಂಗರ ಕಾಲ. 'ಬೆಂಗುಳೂರ ಕಾಳಗ'ದಲ್ಲಿ ಸತ್ತವರ ನೆನಪಿಗೆ ಹಾಕಿದ್ದು. ಇಲ್ಲಿನ ಅಧಿಕಾರಿ ನಾಗತ್ತರನ ಕಡೆಯವರು ಅವರು, ಅದರಲ್ಲಿ ಅವನ ಮಗ ಬುಟ್ಟಣಸೆಟ್ಟಿಯೂ ಒಬ್ಬ. ಈ ಊರಿನ ಹೆಸರು ಈವರೆಗೆ ಸಿಕ್ಕಿರುವುದರಲ್ಲಿ ಮೊದಲು ಕಾಣುವುದು ಈ ಕಲ್ಲಿನಲ್ಲಿ. ಯಾರ ಮೇಲೆ ಕಾಳಗ, ಯಾತಕ್ಕೆ ಕಾಳಗ ಎಂದು ಕಲ್ಲು ಹೇಳುವುದಿಲ್ಲ.

ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿದ್ದ ಹೆಣ ಎಲ್ಲವೂ ಅದರಲ್ಲಿವೆ. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರ ಆನೆಗಳ ಎದುರು ಹೋರಾಡಿ ಸತ್ತ. ಅದನ್ನು ಕೇಳಿ ಗಂಗರ ಎರೆಯಪ್ಪ ಇರುಗ ಎಂಬುವನಿಗೆ ನಾಗತ್ತರ ಪಟ್ಟವನ್ನೂ, ಬೆಂಪೂರು ಹನ್ನೆರಡು ಹಳ್ಳಿಗಳನ್ನೂ ಕೊಟ್ಟ. ಹಳ್ಳಿಗಳ ಹೆಸರುಗಳು ಕಲ್ಲಿನಲ್ಲಿವೆ. ನೋಡಲು ಇದು ತುಂಬಾ ಚೆಂದ. ಆದರೆ ಉಪನ್ಯಾಸದಲ್ಲಿ ಇದನ್ನು ಒಂದೇ ಚಿತ್ರಕ್ಕೆ ಮುಗಿಸಿದೆ. ಇಷ್ಟೊಂದು ಹೆಸರು ಒಟ್ಟಿಗೆ ಬಂದರೆ ಸಭೆಗೆ ಒಂದೂ ನೆನಪಿರುವುದಿಲ್ಲ.

ಎರಡನೆಯದು ಅಗರದ ಶಾಸನ, ಸುಮಾರು 870ರದು. ಬಿ.ಎಲ್. ರೈಸ್ ಅವರು 1905ರಲ್ಲಿ ತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಇದರ ಪಾಠವಿದೆ. ಅಂದಹಾಗೆ ರೈಸ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1837ರಲ್ಲಿ. ಇರುವುಲಿಯೂರಿನ ಸಿರಿಮಯ್ಯನ ಮಗ ಇರುಗಮಯ್ಯ ಎರಡು ಕೆರೆಗೆ ತೂಬು, ಅಂದರೆ ಗದ್ದೆಗೆ ನೀರು ಬಿಡುವ ಕಂಡಿ, ಇಡಿಸಿದ, ಮೂಡಣ ಕೆರೆ ಕಟ್ಟಿಸಿದ, ಮೂರು ಕೆರೆಗಳ ಬಿತ್ತುವಟ್ಟ ಪಡೆದ. ಶಾಸನದ ತಿರುಳು ಇಷ್ಟೇ. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕೊಡುತ್ತಿದ್ದ ಜಮೀನಿನ ಹಕ್ಕು ಬಿತ್ತುವಟ್ಟ.

ನನ್ನ ಲೆಕ್ಕದಲ್ಲಿ ಇಡೀ ಉಪನ್ಯಾಸ ನಿಲ್ಲಬೇಕಾದದ್ದು ಈ ತೂಬಿನ ಮೇಲೆ. ಕಾಳಗದ ಕಲ್ಲು ಜನರನ್ನು ಕರೆತರುತ್ತದೆ, ಬೆಂಗಳೂರು ಎಂಬ ಹೆಸರಿಗೇ ಆ ಆಕರ್ಷಣೆ ಇದೆ. ಆದರೆ ಬಂದವರು ಇಂದಿಗೂ ದಿನಾ ಕಾಣುವುದು ಕೆರೆಯನ್ನು. ಮಡಿವಾಳ ಕೆರೆಯ ನೀರು ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿದ್ದು, 2017 ಮತ್ತು 2018ರಲ್ಲಿ ಹೊತ್ತಿ ಉರಿದದ್ದು ಈ ಹುಡುಗರ ಫೋನುಗಳಲ್ಲಿ ವಿಡಿಯೊ ಆಗಿ ಓಡಾಡಿದೆ. ಗಂಗರು ಯಾರು ಎಂದು ಗೊತ್ತಿಲ್ಲದವರಿಗೂ ಆ ಕೆರೆ ಗೊತ್ತು.

ಸಿದ್ಧತೆ

ಪಿಪಿಟಿ ಚಿಕ್ಕದು ಮಾಡಿದೆ. ಸುಮ್ನೆ ಓದಿ ಹೇಳಲು ಏನನ್ನೂ ಬರೆಯಲಿಲ್ಲ. ಮಾತನ್ನು ಮೂರು ಅಳತೆಯಲ್ಲಿ ಕಟ್ಟಿಕೊಂಡೆ: 10 ನಿಮಿಷ ಸಿಕ್ಕರೆ ತೂಬು ಮಾತ್ರ, 20 ಸಿಕ್ಕರೆ ತೂಬು ಮತ್ತು ಕಾಳಗ, ಪೂರ್ತಿ ಸಿಕ್ಕರೆ ಓದುವ ಅಭ್ಯಾಸವೂ ಸೇರಿ. ನಮ್ಮ ಸಭೆಗಳ ಕ್ರಮ ಗೊತ್ತಿರುವವರು ಇದನ್ನು ಅತಿಯೆನ್ನಲಾರರು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಇಷ್ಟೂ ಆದ ಮೇಲೆ ಉಳಿದ ಸಮಯ ಉಪನ್ಯಾಸಕನದು. ಇದಕ್ಕೆ ಬೇಸರ ಪಟ್ಟುಕೊಂಡು ಪ್ರಯೋಜನವಿಲ್ಲ. ಅಂದು ನನಗೆ ಸಿಕ್ಕಿದ್ದು ಅರ್ಧ ಗಂಟೆಗೂ ಕಡಿಮೆ.

ಒಂದು ಕಲ್ಲನ್ನೂ ಮಾಡಿಸಿದೆ. ಮನೆಯ ನಾಮಫಲಕ ಕೆತ್ತುವವರ ಹತ್ತಿರ ಒಂದು ಗ್ರಾನೈಟ್ ಚೂರಿನ ಮೇಲೆ 'ಬೆಂಗುಳೂರ ಕಾಳಗ' ಎಂದು ಹಳೆಯ ಲಿಪಿಯಲ್ಲಿ, ಅಚ್ಚುಪಡಿಯ (ಕಲ್ಲಿನ ಅಕ್ಷರಗಳನ್ನು ಕಾಗದದ ಮೇಲೆ ತೆಗೆದ ಪ್ರತಿಯ) ಚಿತ್ರ ನೋಡಿ ಕೆತ್ತಿಸಿಕೊಂಡೆ. ಆಳ ಬೇಡ, ಪಾಲಿಶ್ ಬೇಡ, ಬಣ್ಣ ತುಂಬಬೇಡಿ ಎಂದೆ. ಅವರಿಗೆ ಅದು ಅರ್ಧಂಬರ್ಧ ಕೆಲಸ ಅನಿಸಿತು, ಪಾಪ.

ಇನ್ನೊಂದು ಮಾತು ವಿಭಾಗದವರ ಹತ್ತಿರ ಮೊದಲೇ ಆಡಿದ್ದೆ. ಸಾರ್ವಜನಿಕರಿಗೆ ಪ್ರವೇಶ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿದರೆ ಸಾಲದು, ಅಗರ ಮತ್ತು ಬೇಗೂರಿನ ಹಳೆಯ ಮನೆಗಳವರನ್ನು ಹೋಗಿ ಕರೆಯಬೇಕು, ಮುಂದಿನ ಸಾಲಿನಲ್ಲಿ ಕೂರಿಸಬೇಕು. ಎನ್ಎಸ್ಎಸ್ ಹುಡುಗರು ಹೋಗಿ ಕರೆದರು. ಬಂದವರು ಬೆರಳೆಣಿಕೆಯಷ್ಟು. ಆದರೆ ಅವರಲ್ಲಿ ಒಬ್ಬರು ಹಿರಿಯರು ಕೆರೆ ನೀರು ಬಿಡುತ್ತಿದ್ದ ನೀರುಗಂಟಿ ಮನೆತನದವರು.

ವೇದಿಕೆಯಲ್ಲಿ

ಶುರು ಮಾಡಿದ್ದು ಬೆಳ್ಳಂದೂರಿನ ನೊರೆಯಿಂದ. ಸಭೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರ ಜಿಲ್ಲೆ, ಹೊರ ರಾಜ್ಯದ ವಿದ್ಯಾರ್ಥಿಗಳು. ಹಲವರು ಹಾಜರಾತಿಗಾಗಿ ಕೂತವರು, ಅದೂ ಮುಖದಲ್ಲೇ ಕಾಣುತ್ತಿತ್ತು. ಕನ್ನಡದಲ್ಲೇ ಮಾತಾಡಿದೆ. ಮುಖ್ಯವಾದ ಕಡೆ ಎರಡು ವಾಕ್ಯ ಇಂಗ್ಲಿಷಿನಲ್ಲಿ ಹೇಳಿ ಮತ್ತೆ ಕನ್ನಡಕ್ಕೆ ಬಂದೆ. ನೊರೆಯ ಚಿತ್ರ ತೋರಿಸಿ, ಈ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಚರಂಡಿಯಿಂದ ಎಂದರು. ಚರಂಡಿಗೆ ಮುಂಚೆ? ಉತ್ತರವಿಲ್ಲ. ಆಗ ಕೆರೆಗಳ ಸಾಲಿನ ನಕ್ಷೆ ತೋರಿಸಿ, ಅಗರದ ಮೇಲೆ ಬೆರಳಿಟ್ಟು, ಇರುಗಮಯ್ಯನ ಹೆಸರು ಹೇಳಿದೆ.

ತೂಬು ಎಂದರೇನು ಎಂದು ಸಭೆಯನ್ನೇ ಕೇಳಿದೆ. ವಿದ್ಯಾರ್ಥಿಗಳಲ್ಲಿ ಕೋಲಾರ ಕಡೆಯ ಒಬ್ಬಳು ಮಾತ್ರ ಕೈ ಎತ್ತಿದಳು. ಆಮೇಲೆ ಮೈಕು ಮುಂದಿನ ಸಾಲಿನ ಆ ಹಿರಿಯರಿಗೆ ಹೋಯಿತು. ಅವರು ಹತ್ತು ವಾಕ್ಯದಲ್ಲಿ ಹೇಳಿದ್ದನ್ನು ನಾನು ಹತ್ತು ಸ್ಲೈಡಿನಲ್ಲೂ ಹೇಳಲಾರೆ. ಏರಿಯ ಒಳಬದಿಗೆ, ನೀರಿನಲ್ಲಿ ಎರಡು ಕಲ್ಲು ಕಂಬ ನಿಂತಿರುತ್ತವೆ. ನಡುವೆ ಅಡ್ಡ ಹಾಸುಗಲ್ಲು, ಅದರಲ್ಲಿ ತೂತು. ತೂತಿನಲ್ಲಿ ಉದ್ದನೆಯ ಗಳ, ಗಳದ ತುದಿಗೆ ಬೆಣೆ. ಕೆಳಗೆ ಕೆರೆಯ ತಳದಲ್ಲಿ ಒಂದು ಕಂಡಿ. ಬೆಣೆ ಕಂಡಿಯಲ್ಲಿ ಕೂತರೆ ನೀರು ನಿಂತಿತು. ಎತ್ತಿದರೆ ಏರಿಯ ಅಡಿಯ ಕಾಲುವೆಯಿಂದ ಗದ್ದೆಗೆ ಓಡಿತು. ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಮಳೆ ಕಮ್ಮಿಯಾದ ವರ್ಷ ಯಾರಿಗೆ ಮೊದಲು, ಇದು ನೀರುಗಂಟಿಯ ಲೆಕ್ಕ. 'ಬೆಣೆ ಎತ್ತೋದು ಯಾರಾದ್ರೂ ಎತ್ತಬಹುದು, ಜಗಳ ಆಗದಂಗೆ ಎತ್ತೋದೇ ಕೆಲಸ' ಎಂದರು. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿದ್ದವರೂ ತಲೆ ಎತ್ತಿದರು.

ಆಮೇಲೆ ನಾನು ಜೋಡಿಸಬೇಕಾದದ್ದು ಸ್ವಲ್ಪವೇ ಇತ್ತು. ಇರುಗಮಯ್ಯ ಹಾಕಿಸಿದ ಕಲ್ಲು ತೂಬನ್ನು ಹೆಸರಿಸಿಯೇ ಹೇಳುತ್ತದೆ. ಯಾಕೆಂದರೆ ತೂಬಿಲ್ಲದ ಕೆರೆ ದನ ನೀರು ಕುಡಿಯುವುದಕ್ಕೆ ಸಾಕು, ಬೆಳೆಗೆ ಬರುವುದಿಲ್ಲ. ಕಲ್ಲು ಹಾಕಿಸಿದ್ದು ಕೀರ್ತಿಗೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ, ಅದು ಹಕ್ಕುಪತ್ರವೂ ಹೌದು. ಬಿತ್ತುವಟ್ಟ ಇವನದು ಎಂದು ಊರಿಗೆಲ್ಲ ಕಾಣುವ ಹಾಗೆ ಬರೆದಿಟ್ಟದ್ದು.

ಈ ಜಾಗದಲ್ಲಿ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಗಳನ್ನೂ ಹೇಳಿದೆ. ಕೊಟ್ಟ ಭೂಮಿ ಕಿತ್ತುಕೊಂಡವನು 60,000 ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ನೂರಾರು ಶಾಸನಗಳಲ್ಲಿದೆ. ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ತಟ್ಟಲಿ ಎಂಬುದೂ ಇದೆ. ಕೆರೆ ಒತ್ತುವರಿ ಸುದ್ದಿ ದಿನಾ ಓದುವ ಊರಿನಲ್ಲಿ ಇದನ್ನು ವಿವರಿಸಬೇಕಾಗಲಿಲ್ಲ.

ಉಳಿದ ಸಮಯದಲ್ಲಿ ಗ್ರಾನೈಟ್ ಚೂರು. ಸಭಾಂಗಣದ ದೀಪ ಆರಿಸಿ, ಕಲ್ಲಿನ ಮೇಲೆ ಎದುರಿನಿಂದ ಟಾರ್ಚ್ ಬಿಟ್ಟು, ಕ್ಯಾಮೆರಾ ಮೂಲಕ ಪರದೆಯ ಮೇಲೆ ತೋರಿಸಿದೆ. ಏನೂ ಕಾಣಲಿಲ್ಲ, ಬರೀ ಬೂದು ಕಲ್ಲು. ಟಾರ್ಚನ್ನು ಪಕ್ಕಕ್ಕೆ ತಂದು, ಕಲ್ಲಿನ ಮೈ ಸವರುವ ಹಾಗೆ ಬೆಳಕು ಬಿಟ್ಟಾಗ ಅಕ್ಷರದ ಗೀರುಗಳಲ್ಲಿ ನೆರಳು ಕೂತಿತು. ಇಡೀ ಸಭೆ 'ಓ' ಎಂದಿತು. ಶಾಸನ ಓದುವವರು ಬೆಳಗ್ಗೆ ಅಥವಾ ಸಂಜೆ ಹೋಗುವುದು ಇದಕ್ಕೇ. ಹಿಂದಿನಿಂದ ಬಂದ ಕ್ರಮ ಅಚ್ಚುಪಡಿ: ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತುವುದು. 2021ರಿಂದ ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅದರಲ್ಲಿ ಬೆಳಕನ್ನು ಕಂಪ್ಯೂಟರಿನಲ್ಲೇ ಯಾವ ಕಡೆಯಿಂದ ಬೇಕಾದರೂ ಬಿಡಬಹುದು. ಎಂಜಿನಿಯರಿಂಗ್ ಹುಡುಗರ ಪ್ರಶ್ನೆಗಳು ಶುರುವಾದದ್ದು ಇಲ್ಲಿಂದ.

ಅಕ್ಷರ ಗುರುತಿಸಲು ಬಿಟ್ಟೆ. 'ಗ' ತಕ್ಷಣ ಸಿಕ್ಕಿತು, ಅದು ಹೆಚ್ಚು ಬದಲಾಗಿಲ್ಲ. 'ರ' ಸಿಕ್ಕಿತು. ಮಿಕ್ಕಿದ್ದನ್ನು ಊಹೆ ಮೇಲೆ ತುಂಬಿದರು. ಒಬ್ಬ ಪೂರ್ತಿ ಓದಿದಾಗ ಬಂದ ಚಪ್ಪಾಳೆ ಆ ದಿನದ ದೊಡ್ಡ ಚಪ್ಪಾಳೆ. ಅವನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ಎಂದು ಆಮೇಲೆ ತಿಳಿಯಿತು. ಆ ಸಭಾಂಗಣದಲ್ಲಿ ಅಂಥವನಿಗೆ ಮುಂದೆ ಬರುವ ಅವಕಾಶ ಬೇರೆ ದಿನ ಸಿಗುತ್ತದೋ ಇಲ್ಲವೋ.

ಪ್ರಶ್ನೆಗಳು

ಪರಂಪರೆ ಉಪನ್ಯಾಸದ ನಿಜವಾದ ಪರೀಕ್ಷೆ ಪ್ರಶ್ನೋತ್ತರ. ಭಾಷಣದಲ್ಲಿ ನಾವು ಆರಿಸಿದ ದಾರಿ, ಇಲ್ಲಿ ಅವರದು.

ಮೊದಲನೆಯದು ನಿರೀಕ್ಷೆ ಇದ್ದದ್ದೇ. ಹಸಿದ ರಾಜ ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಹೆಸರು ಬಂತು ಎಂಬ ಕಥೆ ಸುಳ್ಳಾ? ಕಥೆ ಚೆನ್ನಾಗಿದೆ, ಮನೆಯಲ್ಲಿ ಹೇಳಿ ಎಂದೆ. ವೀರಬಲ್ಲಾಳ, ಅಂದರೆ ಹೊಯ್ಸಳರ ಇಮ್ಮಡಿ ಬಲ್ಲಾಳ, ಆಳಿದ್ದು 1173ರಿಂದ 1220. ಬೇಗೂರಿನ ಕಲ್ಲು ಅದಕ್ಕಿಂತ ಸುಮಾರು 300 ವರ್ಷ ಹಳೆಯದು. ಕಲ್ಲಿನಲ್ಲಿ ಊರಿನ ಹೆಸರು ಆಗಲೇ ಇದೆ. ಇಷ್ಟೇ ಹೇಳಿ ನಿಲ್ಲಿಸಿದೆ. ಹಾಗಾದರೆ ಕೆಂಪೇಗೌಡರು? 1537ರ ಸುಮಾರಿಗೆ ಅವರು ಕೋಟೆ, ಪೇಟೆ ಕಟ್ಟಿದರು. ಹಳೆಯ ಹೆಸರು ಮೊದಲೇ ಇತ್ತು ಎಂದರೆ ಅವರ ಕೆಲಸ ಕಡಿಮೆಯಾಗುವುದಿಲ್ಲ.

ಬೆಂಗಳೂರಿನಲ್ಲಿ ಅತಿ ಹಳೆಯ ಶಾಸನ ಬೇಗೂರಿನದಾ ಎಂದು ಇನ್ನೊಬ್ಬರು ಕೇಳಿದರು. ಅಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು, ಸುಮಾರು 750ರದು, ಗಂಗ ಶ್ರೀಪುರುಷನ ಕಾಲ. ಹಾಗಾಗಿ 'ಅತಿ ಹಳೆಯದು' ಎಂದಾಗಲೆಲ್ಲ 'ಈವರೆಗೆ ಸಿಕ್ಕಿರುವುದರಲ್ಲಿ' ಎಂಬ ಬಾಲ ಬೇಕೇ ಬೇಕು.

ಮುಂದಿನ ಪ್ರಶ್ನೆಗೆ ಸಭೆ ಸ್ವಲ್ಪ ಬಿಗಿಯಾಯಿತು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ತಮಿಳು ಶಾಸನಗಳಿವೆಯಂತೆ, ನೀವು ಯಾಕೆ ಹೇಳಲಿಲ್ಲ? ಕೇಳಿದವರ ದನಿಯಲ್ಲಿ ಸವಾಲಿತ್ತು. ಇಂಥ ಕಡೆ ಹಲವು ಭಾಷಣಕಾರರು ತಡವರಿಸುತ್ತಾರೆ, ಇಲ್ಲವೇ ಅಬ್ಬರಿಸುತ್ತಾರೆ. ಎರಡೂ ಬೇಡ, ವಿವರ ಕೊಟ್ಟರೆ ಸಾಕು. ಹೌದು, ಇವೆ. 11ನೇ ಶತಮಾನದ ಮೊದಲಲ್ಲಿ ಗಂಗರ ತಲಕಾಡು ಚೋಳರ ಕೈಗೆ ಹೋಯಿತು, ಜೊತೆಗೆ ಈ ಭಾಗವೂ. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಗೆದ್ದುಕೊಂಡ. ಮುಂದೆ ಹೊಯ್ಸಳ ಸೋಮೇಶ್ವರನ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ದೋರಸಮುದ್ರ ಮುಮ್ಮಡಿ ನರಸಿಂಹನಿಗೆ, ತಮಿಳು ಸೀಮೆಯ ಕಣ್ಣನೂರು ರಾಮನಾಥನಿಗೆ. ಬೆಂಗಳೂರು, ಕೋಲಾರ ಸುತ್ತಿನ ಹಲವು ತಮಿಳು ಶಾಸನಗಳು ಈ ರಾಮನಾಥನ ಕಾಲದವು. ಕನ್ನಡ ರಾಜಮನೆತನ, ತಮಿಳು ಶಾಸನ. ಗಡಿ ಸೀಮೆಯಲ್ಲಿ ಹೀಗೇ ಇರುತ್ತದೆ ಎಂದೆ. ಆ ಶಾಸನಗಳನ್ನೂ ಅದೇ ಪಕ್ಕದ ಬೆಳಕಿನಲ್ಲಿ ಓದಬೇಕು, ಕಾಪಾಡಬೇಕು.

ಜಾಸ್ತಿ ಹೊತ್ತು ನಡೆದದ್ದು ನಿಧಿಯ ಮಾತು. ಕೇಳಿದವನು ನಗುತ್ತಲೇ ಕೇಳಿದ, ಆದರೆ ಸಭೆಯಲ್ಲಿ ಹಲವರ ಕಿವಿ ನೆಟ್ಟಗಾಯಿತು. ಕಲ್ಲಿನ ಕೆಳಗೆ ಬಂಗಾರ ಇರುತ್ತಂತಲ್ಲ? ಇದನ್ನು ನಕ್ಕು ತೇಲಿಸುವ ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ವೀರಗಲ್ಲು, ಶಾಸನಗಳನ್ನು ರಾತ್ರೋರಾತ್ರಿ ಬುಡಮೇಲು ಮಾಡುವುದು ಇದೇ ನಂಬಿಕೆಯಿಂದ. ಕಲ್ಲಿನ ನೆತ್ತಿಯಲ್ಲಿರುವ ಸೂರ್ಯ ಚಂದ್ರರನ್ನು ನಿಧಿಯ ಗುರುತು ಎಂದುಕೊಳ್ಳುತ್ತಾರೆ. ಸೂರ್ಯ ಚಂದ್ರರು ಇರುವ ತನಕ ಈ ದಾನ ಇರಲಿ ಎಂಬುದು ಅದರ ಅರ್ಥ. ದಾನ ಕೊಟ್ಟದ್ದು ಗದ್ದೆಯನ್ನು. ಗದ್ದೆಯನ್ನು ಕಲ್ಲಿನ ಕೆಳಗೆ ಹೂಳಲು ಆಗುತ್ತದಾ? ವೀರಗಲ್ಲೋ, ಸತ್ತವನ ನೆನಪಿಗೆ ಬದುಕಿದ್ದವರು ಕೈಯಿಂದ ಖರ್ಚು ಮಾಡಿ ನಿಲ್ಲಿಸಿದ್ದು. ಅಪ್ಪಿತಪ್ಪಿ ಎಲ್ಲಾದರೂ ನಿಧಿ ಸಿಕ್ಕಿದರೂ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಸುಮ್ಮನೆ ಮನೆಗೆ ಒಯ್ಯುವಂತಿಲ್ಲ ಎಂದಾಗ ಹಿಂದಿನಿಂದ ನಿರಾಶೆಯ ಉದ್ಗಾರ ಕೇಳಿಸಿತು.

ಕೊನೆಯ ಪ್ರಶ್ನೆ ಜಾರ್ಖಂಡಿನ ಹುಡುಗಿಯದು, ಇಂಗ್ಲಿಷಿನಲ್ಲಿ. ಇದು ನನ್ನ ಊರಲ್ಲ, ಇದರಲ್ಲಿ ನನ್ನದೇನು? ನನಗೆ ಇಷ್ಟವಾದ ಪ್ರಶ್ನೆ ಅದು. ನಿನ್ನ ಹಾಸ್ಟೆಲ್ ಯಾವ ಕೆರೆಯ ಅಚ್ಚುಕಟ್ಟಿನಲ್ಲಿದೆ, ಅಂದರೆ ಯಾವ ಕೆರೆಯ ನೀರು ಹರಿಯುತ್ತಿದ್ದ ಜಮೀನಿನಲ್ಲಿದೆ ಗೊತ್ತಾ ಎಂದು ತಿರುಗಿ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನವಳಿಗೂ ಗೊತ್ತಿರಲಿಲ್ಲ. ನೀರುಗಂಟಿ ಹಿರಿಯರು ಎದ್ದು ನಿಂತು, ಹಾಸ್ಟೆಲ್ ಯಾವ ಕಡೆ ಎಂದು ವಿಚಾರಿಸಿ, ಅಲ್ಲಿ ಯಾವ ಕೆರೆಯ ನೀರಿಗೆ ಏನು ಬೆಳೆಯುತ್ತಿದ್ದರು ಎಂದು ಹೇಳಿದರು. ಅದನ್ನು ಅವಳಿಗೆ ಅನುವಾದಿಸಿದ್ದು ಆ ಬೆಂಗಳೂರಿನವಳೇ.

ಆಮೇಲೆ ಆದದ್ದು

ಒಂದು ಭಾನುವಾರ ಬೇಗೂರಿಗೆ ನಡಿಗೆ ಇಟ್ಟುಕೊಂಡೆವು. ಸಭಾಂಗಣ ತುಂಬಿದ್ದವರಲ್ಲಿ ಬಂದದ್ದು ಒಂದು ಸಣ್ಣ ಗುಂಪು. ಹಾಜರಾತಿ ಇಲ್ಲದ ಭಾನುವಾರಕ್ಕೆ ಅದೇ ಜಾಸ್ತಿ. ಅಕ್ಷರ ಓದಿದ ಹುಡುಗ ಬಂದಿದ್ದ, ಟಾರ್ಚ್ ತಂದಿದ್ದ. ದೇವಸ್ಥಾನಕ್ಕೆ ಬಂದವರಿಗೆ ಅವನೇ ಕಲ್ಲು ತೋರಿಸಿ ವಿವರಿಸತೊಡಗಿದ. ನಾನು ಪಕ್ಕಕ್ಕೆ ಸರಿದು ನಿಂತೆ.

ವಿಭಾಗದವರಿಗೆ ಎರಡು ಸಲಹೆ ಬರೆದು ಕಳಿಸಿದೆ. ಮುಂದಿನ ಸಲ ಸನ್ಮಾನವನ್ನು ಉಪನ್ಯಾಸದ ಆಮೇಲೆ ಇಡಿ. ವೇದಿಕೆ ಮೇಲೆ ಊರಿನವರಿಗೆ ಒಂದು ಕುರ್ಚಿ ಹಾಕಿ. ಎರಡನೆಯದಕ್ಕೆ ಒಪ್ಪಿದ್ದಾರೆ. ಮೊದಲನೆಯದು ಪ್ರೋಟೊಕಾಲ್ ವಿಷಯವಂತೆ.

ತೂಬು ಎಂದರೆ ಗೊತ್ತು ಎಂದು ಕೈ ಎತ್ತಿದ್ದ ಕೋಲಾರ ಕಡೆಯ ಹುಡುಗಿ ತನ್ನ ಅಜ್ಜಿಯ ಊರಿನ ಒಂದು ಕಲ್ಲಿನ ಫೋಟೊ ಕಳಿಸಿದಳು. ಕತ್ತಿ ಹಿಡಿದ ವೀರ, ಮೈತುಂಬ ಎನಾಮಲ್ ಬಣ್ಣ, ಹಣೆಗೆ ಕುಂಕುಮ. ಊರವರು ಮುನೇಶ್ವರ ಎಂದು ಪೂಜೆ ಮಾಡುತ್ತಾರೆ. ಬಣ್ಣದ ಕೆಳಗೆ ಅಕ್ಷರದ ಸಾಲುಗಳ ಜಾಡು ಇದೆ. ಕೆರೆಯಬೇಡ, ಆಸಿಡ್ ಹಾಕಬೇಡ, ಪೂಜೆ ನಿಲ್ಲಿಸಿ ಎಂದು ಯಾರಿಗೂ ಹೇಳಬೇಡ ಎಂದೆ. ಪೂಜೆ ನಡೆಯುತ್ತಿರುವುದರಿಂದಲೇ ಆ ಕಲ್ಲು ಇನ್ನೂ ಅಲ್ಲಿದೆ. ಸಂಜೆ ಬಿಸಿಲಿನಲ್ಲಿ, ಪಕ್ಕದಿಂದ, ಅಳತೆಗೆ ಒಂದು ಸ್ಕೇಲ್ ಇಟ್ಟು ಮತ್ತೆ ಫೋಟೊ ತೆಗೆ, ಜಾಗದ ಗುರುತು ಬರೆದುಕೊ ಎಂದೆ. ಹೊಸ ಫೋಟೊಗಳಲ್ಲಿ ಎರಡು ಸಾಲು ಸ್ವಲ್ಪ ಓದಲು ಬರುತ್ತಿದೆ. ಅವನ್ನು ಸ್ಕ್ಯಾನ್ ಮಾಡುವವರಿಗೆ ಕಳಿಸಿದ್ದೇವೆ. ಸ್ಕ್ಯಾನಿಗೆ ಮುಂಚೆ ಬಣ್ಣ ತೆಗೆಸಬೇಕೋ ಬೇಡವೋ ಎಂದು ಊರಿನಲ್ಲಿ ಮಾತುಕತೆ ನಡೆದಿದೆ. ಜಾತ್ರೆ ಮುಗಿದ ಮೇಲೆ ಹೇಳುತ್ತೇವೆ ಎಂದಿದ್ದಾರೆ.